ರಿಮೋಟ್ ಕಾರಿನ ಸ್ಪೀಡ್ ಕಂಟ್ರೋಲರ್: ಯಾವ ವೈರು ಎಲ್ಲಿಗೆ?

ಹೊಲದ ಬೋರ್‌ವೆಲ್‌ಗೆ ತ್ರೀ ಫೇಸ್ ಮೋಟರ್ ಇಳಿಸಿದವರಿಗೆ ಇದು ಗೊತ್ತಿರುವ ವಿಷಯ. ಬಟನ್ ಒತ್ತಿದಾಗ ಮೋಟರ್ ಸದ್ದು ಮಾಡುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ ಎಂದರೆ ಅದು ಉಲ್ಟಾ ತಿರುಗುತ್ತಿರಬಹುದು. ಲೈನ್ ಬಂದ್ ಮಾಡಿ, ಸ್ಟಾರ್ಟರ್ ಡಬ್ಬಿ ತೆಗೆದು, ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಆಯಿತು. ಸುಡುವುದೇನೂ ಇಲ್ಲ. ಆದರೆ ಟ್ರ್ಯಾಕ್ಟರ್ ಬ್ಯಾಟರಿಯ ಎರಡು ವೈರುಗಳನ್ನು ಹಾಗೆ ಅದಲು ಬದಲು ಮಾಡಲು ಯಾರೂ ಕೈ ಹಾಕುವುದಿಲ್ಲ.

ರಿಮೋಟ್ ಕಾರಿನ ಸ್ಪೀಡ್ ಕಂಟ್ರೋಲರ್ ಜೋಡಿಸುವಾಗಲೂ ಇದೇ ನಿಯಮ. ಮೋಟರ್ ಕಡೆಯ ವೈರು ಬದಲಾದರೆ ಕಾರು ಹಿಂದಕ್ಕೆ ಓಡುತ್ತದೆ, ಅಷ್ಟೇ. ಬ್ಯಾಟರಿ ಕಡೆಯ ವೈರು ಬದಲಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಂಟ್ರೋಲರ್ ಹೋಗುತ್ತದೆ. ಸಾವಿರ ರೂಪಾಯಿಗೂ ಮೇಲ್ಪಟ್ಟ ಸಾಮಾನು ಅದು. ಉಲ್ಟಾ ಜೋಡಿಸಿ ಸುಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ.

ಈಗ ಉಮರಗಾ, ನಿಲಂಗಾ, ಉದಗೀರ ಕಡೆಯ ಹಳ್ಳಿಗಳಿಗೂ ಇಂಥ ಸಾಮಾನು ಕೊರಿಯರ್‌ನಲ್ಲಿ ಬರುತ್ತದೆ. ಜೊತೆಗೆ ಬರುವ ಕಾಗದ ಇಂಗ್ಲಿಷ್ ಮತ್ತು ಚೀನೀ ಭಾಷೆಯಲ್ಲಿರುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎನ್ನುವ ನಮ್ಮ ಗಡಿ ಭಾಗದ ಹುಡುಗರಿಗೆ ಅನುಕೂಲವಾಗಲಿ ಎಂದು ಇಲ್ಲಿ ವಿವರ ಕೊಡಲಾಗಿದೆ.

ಕಂಟ್ರೋಲರ್ ಮಾಡುವ ಕೆಲಸ ಏನು?

ಜಾತ್ರೆಯಲ್ಲಿ ಸಿಗುವ ಅಗ್ಗದ ರಿಮೋಟ್ ಕಾರಿನಲ್ಲಿ ಬೇರೆ ಕಂಟ್ರೋಲರ್ ಇರುವುದಿಲ್ಲ. ರೇಡಿಯೋ ಸಂಕೇತ ಹಿಡಿಯುವುದು, ಮೋಟರ್ ತಿರುಗಿಸುವುದು ಎರಡನ್ನೂ ಒಂದೇ ಹಸಿರು ಪ್ಲೇಟು ಮಾಡುತ್ತದೆ. ಅದಕ್ಕೇ ಆ ಕಾರಿಗೆ ಹೆಚ್ಚಾಗಿ ಎರಡೇ ಗೊತ್ತು: ಪೂರ್ತಿ ಓಡುವುದು, ಇಲ್ಲವೇ ನಿಲ್ಲುವುದು. ಹವ್ಯಾಸದ ಕಾರಿನಲ್ಲಿ ರಿಸೀವರ್ ಬೇರೆ, ಸ್ಟೇರಿಂಗ್ ತಿರುಗಿಸುವ ಸರ್ವೋ ಬೇರೆ, ಮೋಟರಿಗೆ ಎಷ್ಟು ಕರೆಂಟ್ ಬಿಡಬೇಕು ಎಂದು ನಿರ್ಧರಿಸುವ ಡಬ್ಬಿ ಬೇರೆ. ಈ ಡಬ್ಬಿಯೇ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್. ಚಿಕ್ಕದಾಗಿ ಇಎಸ್‌ಸಿ ಎನ್ನುತ್ತಾರೆ.

ಮೊದಲು ಇದು ಹೀಗಿರಲಿಲ್ಲ. ಜಪಾನಿನ ತಮಿಯಾ ಕಂಪನಿ ತನ್ನ ಮೊದಲ ರೇಡಿಯೋ ಕಾರನ್ನು 1976ರಲ್ಲಿ ತಂದಿತು. 1984ರಲ್ಲಿ ಅದೇ ಕಂಪನಿಯ ಗ್ರಾಸ್‌ಹಾಪರ್, ಹಾರ್ನೆಟ್ ಎಂಬ ಕಾರುಗಳು ಬಂದಾಗಲೂ ಪೆಟ್ಟಿಗೆಯಲ್ಲಿ ಇದ್ದದ್ದು ಯಾಂತ್ರಿಕ ಕಂಟ್ರೋಲರ್. ಒಂದು ಸರ್ವೋ ಲೋಹದ ಪಟ್ಟಿಯನ್ನು ಸರಿಸುತ್ತಿತ್ತು, ರೆಸಿಸ್ಟರ್ ಮೂಲಕ ಕರೆಂಟ್ ಕಡಿಮೆಯಾಗುತ್ತಿತ್ತು. ಹಳೆಯ ದೊಡ್ಡ ಚೌಕದ ಫ್ಯಾನ್ ರೆಗ್ಯುಲೇಟರ್ ನೋಡಿದವರಿಗೆ ಇದು ತಿಳಿಯುತ್ತದೆ. ಫ್ಯಾನ್ ನಿಧಾನ ಮಾಡಿದಷ್ಟೂ ರೆಗ್ಯುಲೇಟರ್ ಬಿಸಿಯಾಗುತ್ತಿತ್ತು. ಉಳಿದ ವಿದ್ಯುತ್ತೆಲ್ಲ ಶಾಖವಾಗಿ ಹೋಗುತ್ತಿತ್ತು.

ಇಎಸ್‌ಸಿ ಕರೆಂಟನ್ನು ತಡೆಯುವುದಿಲ್ಲ, ತುಂಡು ತುಂಡು ಮಾಡುತ್ತದೆ. ಒಳಗಿರುವ ಮಾಸ್‌ಫೆಟ್ ಎಂಬ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತವೆ. ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಇದ್ದರೆ ಮೋಟರಿಗೆ ಅರ್ಧ ವೋಲ್ಟೇಜ್ ಕೊಟ್ಟಂತೆ. ಪೂರ್ತಿ ಆನ್ ಇದ್ದರೆ ಪೂರ್ತಿ ವೇಗ. ಶಾಖ ಬಹಳ ಕಡಿಮೆ.

ಬ್ರಶ್‌ಲೆಸ್ ಮೋಟರಿನ ಕಂಟ್ರೋಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬ್ಯಾಟರಿಯ ಡಿಸಿ ಕರೆಂಟನ್ನು ಮೂರು ಫೇಸಾಗಿ ಮಾಡಿ ಮೋಟರಿಗೆ ಕೊಡುತ್ತದೆ. ಮರಾಠವಾಡದ ಹೊಲಗಳಲ್ಲಿ ಸೋಲಾರ್ ಪಂಪ್ ಪಕ್ಕ ಒಂದು ಕಂಟ್ರೋಲರ್ ಡಬ್ಬಿ ನೋಡಿರುತ್ತೀರಿ. ಎಸಿ ಮೋಟರಿನ ಸೋಲಾರ್ ಪಂಪಿನಲ್ಲಿ ಆ ಡಬ್ಬಿ ಮಾಡುವುದೂ ಇದೇ: ಫಲಕದ ಡಿಸಿಯನ್ನು ಮೂರು ಫೇಸು ಮಾಡಿ, ಬಿಸಿಲು ಇದ್ದಷ್ಟು ವೇಗದಲ್ಲಿ ಪಂಪ್ ತಿರುಗಿಸುವುದು. ಕಾರಿನದು ಅದರ ಬೆಂಕಿಪೊಟ್ಟಣದಷ್ಟು ಚಿಕ್ಕ ತಮ್ಮ ಎನ್ನಬಹುದು.

ವೈರುಗಳ ಗುರುತು

ಕಂಟ್ರೋಲರಿನಿಂದ ಮೂರು ಕಡೆಗೆ ವೈರುಗಳು ಹೊರಡುತ್ತವೆ. ಎರಡು ದಪ್ಪ ವೈರು ಬ್ಯಾಟರಿಗೆ. ಕೆಂಪು ಧನ, ಕಪ್ಪು ಋಣ. ಇನ್ನೊಂದು ಕಡೆಯಿಂದ ಮೋಟರಿಗೆ ಹೋಗುವ ದಪ್ಪ ವೈರುಗಳು. ಬ್ರಶ್ ಇರುವ ಸಾಧಾರಣ ಮೋಟರಾದರೆ ಎರಡು, ಬ್ರಶ್‌ಲೆಸ್ ಆದರೆ ಮೂರು. ಇವುಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಳದಿ-ನೀಲಿ ಇರಬಹುದು, ಮೂರೂ ಕಪ್ಪೇ ಇರಬಹುದು. ಮೂರನೆಯದು ತೆಳ್ಳಗಿನ ಮೂರೆಳೆ ಕೇಬಲ್, ರಿಸೀವರಿಗೆ ಹೋಗುವಂಥದ್ದು. ಇವಲ್ಲದೆ ಒಂದು ಚಿಕ್ಕ ಸ್ವಿಚ್ಚು, ಕೆಲವದರಲ್ಲಿ ಫ್ಯಾನಿನ ವೈರು ಇರುತ್ತವೆ.

ಒಂದು ಮಾತು ಇಲ್ಲಿ ಹೇಳಬೇಕು. ಕನ್ನಡದ ವಿಜ್ಞಾನ ಪುಸ್ತಕದಲ್ಲಿ ಬರುವ ಧನಾಗ್ರ, ಋಣಾಗ್ರ, ವಿಭವಾಂತರ ಎಂಬ ಪದಗಳು ಮರಾಠಿ ಪುಸ್ತಕದಲ್ಲೂ ಅವೇ. 1956ರ ಮೊದಲು ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲೇ ಇದ್ದವು. ಗೆರೆ ಬಿದ್ದರೂ ಧನಾಗ್ರ ಎರಡೂ ಕಡೆ ಧನಾಗ್ರವಾಗಿಯೇ ಉಳಿದಿದೆ. ಅಣ್ಣ ಮರಾಠಿಯಲ್ಲಿ, ತಮ್ಮ ಕನ್ನಡದಲ್ಲಿ ಓದಿದ್ದರೂ ಇಬ್ಬರೂ ಕೂತು ಒಂದೇ ಕಂಟ್ರೋಲರ್ ಜೋಡಿಸಬಹುದು.

ಬ್ಯಾಟರಿ ಕಡೆ: ಇಲ್ಲೇ ಎಚ್ಚರ ಬೇಕು

ಬ್ಯಾಟರಿ ಉಲ್ಟಾ ಕೊಟ್ಟರೆ ಯಾಕೆ ಸುಡುತ್ತದೆ? ಮಾಸ್‌ಫೆಟ್ ಒಳಗೆ ಹುಟ್ಟಿನಿಂದಲೇ ಒಂದು ಡಯೋಡ್ ಇರುತ್ತದೆ. ಧನ-ಋಣ ಸರಿಯಿದ್ದಾಗ ಅದು ಮುಚ್ಚಿದ ಬಾಗಿಲು. ಉಲ್ಟಾ ಕೊಟ್ಟ ಕೂಡಲೇ ಬಾಗಿಲು ತೆರೆಯುತ್ತದೆ, ಬ್ಯಾಟರಿ ನೇರವಾಗಿ ಶಾರ್ಟ್ ಆಗುತ್ತದೆ. ಲೈಪೋ ಬ್ಯಾಟರಿ ಹಿಂದೆ ಮುಂದೆ ನೋಡದೆ ನೂರಾರು ಆಂಪಿಯರ್ ಕೊಟ್ಟುಬಿಡುತ್ತದೆ. ಅದನ್ನು ತಡೆಯುವ ಫ್ಯೂಸ್ ಸಾಮಾನ್ಯವಾಗಿ ಇಂಥ ಕಂಟ್ರೋಲರಿನಲ್ಲಿ ಇರುವುದಿಲ್ಲ.

ಹಾಗಾಗಿ ಬಣ್ಣ ನಂಬಬೇಡಿ, ಮೀಟರ್ ನಂಬಿ. ಕನೆಕ್ಟರಿನ ಬಣ್ಣ, ವೈರಿನ ಬಣ್ಣ ಎರಡೂ ಒಮ್ಮೊಮ್ಮೆ ಮೋಸ ಮಾಡುತ್ತವೆ. ಮುಖ್ಯವಾಗಿ ಬ್ಯಾಟರಿ ಒಂದು ಕಂಪನಿಯದು, ಕಂಟ್ರೋಲರ್ ಇನ್ನೊಂದು ಕಂಪನಿಯದು ಆದಾಗ. ಹಳದಿ ಬಣ್ಣದ ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಪ್ರತಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇರುತ್ತದೆ. ಅದನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿ ಕನೆಕ್ಟರಿನ ಧನ ಎಂದುಕೊಂಡ ತುದಿಗೆ, ಕಪ್ಪು ಕಡ್ಡಿಯನ್ನು ಇನ್ನೊಂದಕ್ಕೆ ಇಡಿ. ಅಂಕಿಯ ಹಿಂದೆ ಕಳೆಯುವ ಚಿಹ್ನೆ ಬಂದರೆ ನೀವು ಅಂದುಕೊಂಡದ್ದು ತಪ್ಪು.

ಕನೆಕ್ಟರ್ ಹಾಕುವಾಗ ಗೋಡೆಯ ಸಾಕೆಟ್ ನೆನಪಿಡಿ. ಕರೆಂಟ್ ಇರುವ ಗೋಡೆಯಲ್ಲಿ ತೂತು ಇರುತ್ತದೆ, ಪಿನ್ನು ಇರುವುದು ಪ್ಲಗ್ಗಿನಲ್ಲಿ. ಅದೇ ರೀತಿ ಬ್ಯಾಟರಿ ಕಡೆಗೆ ಲೋಹ ಒಳಗೆ ಮುಚ್ಚಿಕೊಂಡಿರುವ ಭಾಗ, ಕಂಟ್ರೋಲರ್ ಕಡೆಗೆ ಪಿನ್ನಿನ ಭಾಗ. ಬ್ಯಾಟರಿ ಯಾವಾಗಲೂ ಜೀವಂತ, ಅದಕ್ಕೆ ಸ್ವಿಚ್ಚೇ ಇಲ್ಲ.

ಬ್ಯಾಟರಿಯ ಹಳೆ ಕನೆಕ್ಟರ್ ಕತ್ತರಿಸಿ ಹೊಸದು ಹಾಕುವುದಾದರೆ ಎರಡೂ ವೈರುಗಳನ್ನು ಒಟ್ಟಿಗೆ ಕಟ್ಟರಿನ ಬಾಯಿಗೆ ಕೊಡಲೇಬಾರದು. ಕಟ್ಟರಿನ ಲೋಹವೇ ಶಾರ್ಟ್ ಮಾಡುತ್ತದೆ. ಮೊದಲು ಒಂದು ವೈರು ಕತ್ತರಿಸಿ, ಬೆಸೆದು, ಸ್ಲೀವ್ ಮುಚ್ಚಿ, ಆಮೇಲೆ ಎರಡನೆಯದು.

ವೈರು ಗಿಡ್ಡ ಎನಿಸಿದರೆ ಮೋಟರ್ ಕಡೆಯದನ್ನು ಉದ್ದ ಮಾಡಿ, ಬ್ಯಾಟರಿ ಕಡೆಯದನ್ನಲ್ಲ. ಬ್ಯಾಟರಿ ವೈರು ಉದ್ದವಾದಷ್ಟೂ ಪ್ರತಿ ಆನ್-ಆಫ್‌ಗೆ ವೋಲ್ಟೇಜ್ ಜಿಗಿಯುತ್ತದೆ. ಕಂಟ್ರೋಲರಿನ ಹೊರಗೆ ಕಾಣುವ ದುಂಡನೆಯ ಕೆಪಾಸಿಟರ್ ಇರುವುದೇ ಅದನ್ನು ನುಂಗಲು. ಅದನ್ನು ಜಾಗಕ್ಕೆ ಅಡ್ಡ ಎಂದು ಕಿತ್ತು ಹಾಕಬೇಡಿ.

ಬೆಸುಗೆ: ಮೊದಲು ಕಲಾಯಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಬೆಸುಗೆ. ಲೆಕ್ಕ ನೋಡಿ. ಕಾರು ವೇಗ ಹಿಡಿಯುವಾಗ 30 ಆಂಪಿಯರ್ ಹರಿಯಿತು ಎನ್ನೋಣ. ಒಂದು ಕೆಟ್ಟ ಬೆಸುಗೆಯ ರೋಧ 0.02 ಓಮ್ ಇದ್ದರೆ 30 ಗುಣಿಸು 30 ಗುಣಿಸು 0.02, ಅಂದರೆ 18 ವಾಟ್ ಶಾಖ ಆ ಒಂದು ಗಂಟಿನಲ್ಲೇ. ರೇಡಿಯೋ ರಿಪೇರಿಯ ಚಿಕ್ಕ ಸೋಲ್ಡರಿಂಗ್ ಐರನ್ನೇ 25 ವಾಟ್ ಇರುತ್ತದೆ. ಬೆಸುಗೆ ತಾನಾಗಿಯೇ ಕರಗಿ ಬೀಳಲು ಇನ್ನೇನು ಬೇಕು? ಒಳ್ಳೆಯ ಬೆಸುಗೆಯ ರೋಧ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ.

ತಾಮ್ರ-ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಮರಾಠಿಯಲ್ಲಿ ಕಲ್ಹಯಿ. ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರುತ್ತಿದ್ದರು. ಪಾತ್ರೆ ಕಾಯದೆ ತವರ ಹಿಡಿಯುವುದಿಲ್ಲ. ವೈರಿಗೂ ಅದೇ. ವೈರಿನ ತುದಿ ಸುಲಿದು, ಎಳೆಗಳನ್ನು ಹೊಸೆದು, ಫ್ಲಕ್ಸ್ ಸವರಿ, ಐರನ್ನಿನಿಂದ ವೈರನ್ನೇ ಕಾಯಿಸಿ. ಸೋಲ್ಡರ್ ತಂತಿಯನ್ನು ಐರನ್ನಿಗಲ್ಲ, ವೈರಿಗೆ ತಾಗಿಸಿ. ಅದು ನೀರಿನಂತೆ ಎಳೆಗಳ ಒಳಗೆ ಇಳಿಯಬೇಕು. ಕನೆಕ್ಟರಿನ ಬಟ್ಟಲಿಗೂ ಹೀಗೇ ಕಲಾಯಿ ಮಾಡಿ, ನಂತರ ಎರಡನ್ನೂ ಸೇರಿಸಿ ಕಾಯಿಸಿದರೆ ಒಂದಾಗುತ್ತವೆ. ಆರಿದ ಮೇಲೆ ನಯವಾಗಿ ಹೊಳೆಯಬೇಕು. ಬೂದಿ ಬಣ್ಣದ ಉಂಡೆ ಕೂತಿದ್ದರೆ ಮತ್ತೆ ಕಾಯಿಸಿ.

ಒಂದು ವ್ಯತ್ಯಾಸ ಇದೆ. ನವಸಾಗರ, ಆಸಿಡ್ ಮುಂತಾದವು ಪಾತ್ರೆಗೆ ಸರಿ, ವೈರಿಗೆ ಬೇಡ. ಅವು ಉಳಿದುಕೊಂಡು ತಾಮ್ರವನ್ನು ತಿನ್ನುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ರಾಳದ ಫ್ಲಕ್ಸ್ ತೆಗೆದುಕೊಳ್ಳಿ. ತವರ-ಸೀಸ 60-40ರ ಸೋಲ್ಡರ್ 190 ಡಿಗ್ರಿಯೊಳಗೆ ಕರಗುತ್ತದೆ, ಕೆಲಸ ಸುಲಭ. ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ದಪ್ಪ ವೈರಿಗೆ 25 ವಾಟಿನ ಐರನ್ ಸಾಲದು, 60 ವಾಟಿನದು ಬೇಕು. ಕಡಿಮೆ ಶಾಖದಲ್ಲಿ ಬಹಳ ಹೊತ್ತು ಹಿಡಿದರೆ ಪ್ಲಾಸ್ಟಿಕ್ ಕರಗಿ ಪಿನ್ನು ವಾಲುತ್ತದೆ. ಪಿನ್ನು ವಾಲದಿರಲು ಬೆಸೆಯುವಾಗ ಕನೆಕ್ಟರಿನ ಜೋಡಿ ಭಾಗವನ್ನು ಸಿಕ್ಕಿಸಿಡುವ ರೂಢಿ ಇದೆ. ಆ ಜೋಡಿ ಭಾಗ ಬ್ಯಾಟರಿಗೆ ಸೇರಿದ್ದಾಗಿರಬಾರದು. ಹೀಟ್‌ಶ್ರಿಂಕ್ ಸ್ಲೀವನ್ನು ಬೆಸುಗೆಗೆ ಮೊದಲೇ ವೈರಿಗೆ ತೂರಿಸಿಡಬೇಕು. ಆಮೇಲೆ ತೂರಿಸಲು ಬರುವುದಿಲ್ಲ.

ವೈರು ಬದಲಿಸುವುದಾದರೆ ಮನೆ ವೈರಿಂಗಿನ ಅಳತೆಯಲ್ಲೇ ಹೇಳಬಹುದು. 14 ಗೇಜ್ ಎಂದರೆ ಸುಮಾರು 2 ಚದರ ಮಿಲಿಮೀಟರ್, 12 ಗೇಜ್ ಎಂದರೆ 3.3. ಸಿಲಿಕಾನ್ ಹೊದಿಕೆಯ ವೈರು ಸಿಕ್ಕರೆ ಉತ್ತಮ, ಬೆಸೆಯುವಾಗ ಹೊದಿಕೆ ಕರಗುವುದಿಲ್ಲ.

ಮೋಟರ್ ಕಡೆ

ಬ್ರಶ್ ಮೋಟರಿಗೆ ಎರಡು ವೈರು. ಹೇಗೆ ಕೊಟ್ಟರೂ ತಿರುಗುತ್ತದೆ. ಟ್ರಿಗರ್ ಎಳೆದಾಗ ಕಾರು ಹಿಂದಕ್ಕೆ ಹೋದರೆ ಮೋಟರಿನ ವೈರುಗಳನ್ನೇ ಅದಲು ಬದಲು ಮಾಡಿ. ರಿಮೋಟಿನಲ್ಲಿ ರಿವರ್ಸ್ ಬಟನ್ ಇದೆಯಲ್ಲ ಎಂದು ಅದನ್ನು ಒತ್ತಿದರೆ ಕಾರು ಮುಂದಕ್ಕೆ ಹೋಗಬಹುದು, ಆದರೆ ಕಂಟ್ರೋಲರ್ ಅದನ್ನೇ ಹಿಂದಕ್ಕೆ ಎಂದುಕೊಂಡು ಕಡಿಮೆ ವೇಗ ಕೊಡಬಹುದು, ಬ್ರೇಕೂ ಉಲ್ಟಾ ಆಗುತ್ತದೆ.

ಬ್ರಶ್‌ಲೆಸ್ ಮೋಟರಿಗೆ ಮೂರು ವೈರು. ಬೋರ್‌ವೆಲ್ ಮೋಟರಿನಂತೆ ಯಾವುದಾದರೂ ಎರಡು ಬದಲಿಸಿದರೆ ದಿಕ್ಕು ಬದಲು. ಇದಕ್ಕೆ ಒಂದು ಅಪವಾದ ಇದೆ, ಗಮನಿಸಿ. ಮೋಟರಿಗೆ ತೆಳ್ಳಗಿನ ಸೆನ್ಸರ್ ಕೇಬಲ್ ಬೇರೆ ಇದ್ದರೆ ಎ, ಬಿ, ಸಿ ಅಕ್ಷರ ನೋಡಿ ಎ-ಗೆ ಎ, ಬಿ-ಗೆ ಬಿ, ಸಿ-ಗೆ ಸಿ ಜೋಡಿಸಬೇಕು. ಅಲ್ಲಿ ಅದಲು ಬದಲು ಸಲ್ಲದು. ದಿಕ್ಕು ಬದಲಿಸುವುದಾದರೆ ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಮಾತ್ರ.

ಬ್ರಶ್ ಮೋಟರ್ ಕಿಡಿ ಹಾರಿಸುತ್ತದೆ, ಆ ಕಿಡಿ ರೇಡಿಯೋಗೆ ಗದ್ದಲ. ಅದಕ್ಕೆ 104 ಎಂದು ಬರೆದ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಮೂರು ಬೇಕು: ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಮೋಟರಿನ ಲೋಹದ ಮೈಗೆ ಒಂದೊಂದು. ಹಳೆಯ ಮೋಟರಿನ ಮೇಲೆ ಡಯೋಡ್ ಬೆಸೆದಿದ್ದರೆ ತೆಗೆದುಬಿಡಿ. ರಿವರ್ಸ್ ಇರುವ ಕಂಟ್ರೋಲರಿಗೆ ಅದು ಹಿಂದಕ್ಕೆ ಹೋಗುವಾಗ ಶಾರ್ಟ್.

ಕಂಟ್ರೋಲರಿನ ಮೇಲೆ 12 ಟಿ, 18 ಟಿ ಎಂದು ಮೋಟರಿನ ಮಿತಿ ಬರೆದಿರುತ್ತಾರೆ. ಟಿ ಎಂದರೆ ಮೋಟರಿನ ಒಳಸುತ್ತು. ಸುತ್ತು ಕಡಿಮೆಯಾದಷ್ಟೂ ಕರೆಂಟ್ ಹೆಚ್ಚು. 12 ಟಿ ಮಿತಿ ಇದ್ದರೆ 12 ಅಥವಾ ಅದಕ್ಕಿಂತ ಹೆಚ್ಚು ಸುತ್ತಿನ ಮೋಟರ್ ಹಾಕಬೇಕು, ಕಡಿಮೆಯದಲ್ಲ.

ರಿಸೀವರ್ ಕಡೆ

ಮೂರೆಳೆ ಕೇಬಲ್ ರಿಸೀವರಿನ 2ನೇ ಚಾನೆಲ್‌ಗೆ, ಸ್ಟೇರಿಂಗ್ ಸರ್ವೋ 1ನೇ ಚಾನೆಲ್‌ಗೆ. ಕಪ್ಪು ಅಥವಾ ಕಂದು ಎಳೆ ಋಣ, ನಡುವಿನ ಕೆಂಪು ಧನ, ಬಿಳಿ ಅಥವಾ ಕಿತ್ತಳೆ ಎಳೆ ಸಂಕೇತ. ರಿಸೀವರಿನ ಮೇಲಿನ ಗುರುತು ನೋಡಿ ಸಿಕ್ಕಿಸಿ.

ಕೆಂಪು ಎಳೆಯಲ್ಲಿ ಕಂಟ್ರೋಲರ್ ತಾನೇ 5 ಅಥವಾ 6 ವೋಲ್ಟ್ ಕೊಡುತ್ತದೆ. ಇದಕ್ಕೆ ಬಿಇಸಿ ಎನ್ನುತ್ತಾರೆ. ಹಾಗಾಗಿ ರಿಸೀವರಿಗೆ ಬೇರೆ ಸೆಲ್ ಬೇಡ. ಎರಡೂ ಕಡೆಯಿಂದ ಕೊಟ್ಟರೆ ಒಂದಕ್ಕೊಂದು ಜಗಳ. ಸಂಕೇತದ ಎಳೆಯಲ್ಲಿ ಸೆಕೆಂಡಿಗೆ ಸುಮಾರು 50 ಸಲ ಒಂದು ಸಣ್ಣ ಮಿಡಿತ ಹೋಗುತ್ತದೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ನಿಲ್ಲು, 2 ಆದರೆ ಪೂರ್ತಿ ಮುಂದೆ, 1 ಆದರೆ ಪೂರ್ತಿ ಹಿಂದೆ.

ಇದೇ ಮಿಡಿತವನ್ನು ಆರ್ಡುಯಿನೋ ಬೋರ್ಡಿನಿಂದಲೂ ಕೊಡಬಹುದು. ಹಾಗಾಗಿ ಇದು ಬರೀ ಆಟದ ಸಾಮಾನಲ್ಲ. ಕಳೆ ತೆಗೆಯುವ ಬಂಡಿ, ಔಷಧ ಹೊಡೆಯುವ ಬಂಡಿಯ ಮಾದರಿ ಮಾಡುವ ವಿದ್ಯಾರ್ಥಿಗಳಿಗೂ ಬೇಕಾಗುವಂಥದ್ದು. ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಶಾಲಾ ಮಕ್ಕಳಿಗೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ. ಅಷ್ಟರಲ್ಲಿ ಎರಡು ಕಂಟ್ರೋಲರ್ ಸುಟ್ಟರೆ ಉಳಿಯುವುದು ಎಷ್ಟು, ನೀವೇ ಲೆಕ್ಕ ಹಾಕಿ. ಆರ್ಡುಯಿನೋ ಬಳಸುವವರು ಕಂಟ್ರೋಲರಿನ ಕಪ್ಪು ಎಳೆಯನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು. ಬೋರ್ಡಿಗೆ ಯುಎಸ್‌ಬಿಯಿಂದ ಕರೆಂಟ್ ಬರುತ್ತಿದ್ದರೆ ಕೆಂಪು ಎಳೆಯನ್ನು ಸೇರಿಸಬಾರದು.

ಈಗಿನ ರಿಮೋಟುಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ 2005ರಿಂದ ಲೈಸೆನ್ಸ್ ಬೇಕಿಲ್ಲ.

ಮೊದಲ ಸಲ ಆನ್ ಮಾಡುವಾಗ

ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬಲ್ಬಿನ ಉಪಾಯ ಇಲ್ಲೂ ನಡೆಯುತ್ತದೆ. ಟ್ರ್ಯಾಕ್ಟರ್ ಇಂಡಿಕೇಟರಿನ 12 ವೋಲ್ಟ್ 21 ವಾಟ್ ಬಲ್ಬನ್ನು ಬ್ಯಾಟರಿಯ ಧನಾಗ್ರ ಮತ್ತು ಕಂಟ್ರೋಲರಿನ ಕೆಂಪು ವೈರಿನ ನಡುವೆ ಸೇರಿಸಿ. ಮೋಟರ್, ಸರ್ವೋ ಬಿಚ್ಚಿಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ, ಕೆಪಾಸಿಟರ್ ತುಂಬಿಕೊಂಡಿತು ಎಂದರ್ಥ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ ಅಥವಾ ಧನ-ಋಣ ಉಲ್ಟಾ ಇದೆ. ತಕ್ಷಣ ಬಿಚ್ಚಿ. 7.4 ವೋಲ್ಟಿನ ಬ್ಯಾಟರಿಯಾದರೆ ಬಲ್ಬಿನ ಮೂಲಕ ಒಂದೂವರೆ ಆಂಪಿಯರಿನಷ್ಟೇ ಹರಿಯುವುದರಿಂದ ಕಂಟ್ರೋಲರ್ ಬಹುತೇಕ ಉಳಿಯುತ್ತದೆ. ಐವತ್ತು ರೂಪಾಯಿಯೂ ಆಗದ ವಿಮೆ ಇದು.

ಬಲ್ಬ್ ತೆಗೆದು ಎಲ್ಲ ಜೋಡಿಸಿದ ಮೇಲೆ ಕಾರನ್ನು ಇಟ್ಟಿಗೆ ಮೇಲೆ ಇಡಿ, ಚಕ್ರ ನೆಲಕ್ಕೆ ತಾಗದಿರಲಿ. ಮೊದಲು ರಿಮೋಟ್ ಆನ್, ನಂತರ ಕಾರು. ಬಂದ್ ಮಾಡುವಾಗ ಮೊದಲು ಕಾರು, ನಂತರ ರಿಮೋಟ್. ಆನ್ ಮಾಡುವಾಗ ಟ್ರಿಗರ್ ಮುಟ್ಟಬೇಡಿ, ಎಷ್ಟೋ ಕಂಟ್ರೋಲರ್‌ಗಳು ಆ ಕ್ಷಣದ ಸ್ಥಾನವನ್ನೇ ನಿಲ್ಲುವ ಸ್ಥಾನ ಎಂದು ಹಿಡಿಯುತ್ತವೆ. ಬೇರೆ ಕೆಲವದರಲ್ಲಿ ಬಟನ್ ಒತ್ತಿ ನಡು, ಮುಂದೆ, ಹಿಂದೆ ಎಂದು ಮೂರನ್ನೂ ಕಲಿಸಬೇಕಾಗುತ್ತದೆ.

ಬ್ಯಾಟರಿಯ ಸೆಟ್ಟಿಂಗ್

ಕಂಟ್ರೋಲರಿನಲ್ಲಿ ಚಿಕ್ಕ ಜಂಪರ್ ಇರುತ್ತದೆ: ಒಂದು ಕಡೆ ಲೈಪೋ, ಇನ್ನೊಂದು ಕಡೆ ನಿಕಲ್ ಮೆಟಲ್ ಹೈಡ್ರೈಡ್. ಇದು ಚಿಕ್ಕದೆಂದು ಉಪೇಕ್ಷೆ ಬೇಡ. ಲೈಪೋದ ಒಂದು ಸೆಲ್ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2, ಖಾಲಿಯಾದರೂ 3ಕ್ಕಿಂತ ಕೆಳಗೆ ಇಳಿಯಬಾರದು. ಜಂಪರ್ ಲೈಪೋದಲ್ಲಿ ಇದ್ದರೆ ಕಂಟ್ರೋಲರ್ ಅದಕ್ಕೆ ಮೊದಲೇ ಕಾರು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ತಪ್ಪು ಕಡೆ ಇದ್ದರೆ ಕೊನೆಯ ಹನಿಯವರೆಗೂ ಹೀರುತ್ತದೆ. ಬ್ಯಾಟರಿ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಿದಾಗ ಬೆಂಕಿ ಹತ್ತುವ ಅಪಾಯ ಇದೆ.

ನಮ್ಮ ಮನೆಗಳಲ್ಲಿ ಕಣಿಕೆ ಬಣವೆ, ಸೋಯಾ ಚೀಲ, ಹತ್ತಿ ಎಲ್ಲವೂ ಅಕ್ಕಪಕ್ಕದಲ್ಲೇ ಇರುತ್ತವೆ. ಲೈಪೋವನ್ನು ಅವುಗಳ ಹತ್ತಿರ ಚಾರ್ಜಿಗೆ ಇಡಬೇಡಿ. ಬರೀ ಶಹಾಬಾದ್ ಫರಸಿಯ ಮೇಲೆ ಇಡಿ, ಹತ್ತಿರ ಒಂದು ಬುಟ್ಟಿ ಒಣ ಮರಳು ಇರಲಿ. ಬ್ಯಾಲೆನ್ಸ್ ಚಾರ್ಜರಿನಲ್ಲೇ ಮಾಡಿ, 2000 ಎಂಎಎಚ್ ಬ್ಯಾಟರಿಗೆ 2 ಆಂಪಿಯರ್ ಮೀರಬಾರದು. ರಾತ್ರಿ ಕರೆಂಟ್ ಬಂದಾಗ ಆಗಲಿ ಎಂದು ಹಚ್ಚಿಟ್ಟು ಮಲಗುವುದು ಬೇಡವೇ ಬೇಡ. ಬೇಸಿಗೆಯಲ್ಲಿ ಪತ್ರಾ ಶೆಡ್ಡಿನಲ್ಲಿ ಇಡುವುದೂ ಬೇಡ. ಬಹಳ ದಿನ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಇರುವಂತೆ ನೋಡಿಕೊಳ್ಳಿ.

ಜೋಡಿಸಿದ ಮೇಲೆ ತೊಂದರೆ ಬಂದರೆ

ದೀಪ ಹೊತ್ತುತ್ತದೆ, ಸ್ಟೇರಿಂಗ್ ತಿರುಗುತ್ತದೆ, ಮೋಟರ್ ಮಾತ್ರ ಸುಮ್ಮನಿದೆ ಎಂದರೆ ಕೇಬಲ್ ಬೇರೆ ಚಾನೆಲ್‌ನಲ್ಲಿ ಇದೆಯೇ ನೋಡಿ, ಆಮೇಲೆ ಕಲಿಸುವ ಕ್ರಮ ಮತ್ತೆ ಮಾಡಿ. ಬ್ರಶ್‌ಲೆಸ್ ಮೋಟರ್ ತಿರುಗದೆ ನಡುಗಿದರೆ ಮೂರರಲ್ಲಿ ಒಂದು ವೈರಿನ ಬೆಸುಗೆ ಬಿಟ್ಟಿರುತ್ತದೆ. ಬೋರ್ ಮೋಟರ್ ಒಂದು ಫೇಸ್ ಹೋದಾಗ ಗುಂಯ್‌ಗುಡುವುದಿಲ್ಲವೇ, ಹಾಗೆ. ಮುಂದೆ ಓಡುವಾಗ ಒಮ್ಮೆ ಹಿಂದಕ್ಕೆ ಒತ್ತಿದರೆ ಕಾರು ನಿಲ್ಲುತ್ತದೆ, ಬಿಟ್ಟು ಎರಡನೇ ಸಲ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಇದು ದೋಷವಲ್ಲ, ಮೊದಲನೆಯದು ಬ್ರೇಕ್. ಹತ್ತು ನಿಮಿಷ ಓಡಿಸಿದ ಮೇಲೆ ತಾನಾಗಿ ನಿಂತು, ಆರಿದ ಮೇಲೆ ಮತ್ತೆ ಓಡಿದರೆ ಕಂಟ್ರೋಲರ್ ಕಾದಿದೆ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡಾಗ ಹೀಗೆ ಆಗುತ್ತದೆ. ಮಣ್ಣು ಕೆರೆದು ತೆಗೆಯಿರಿ, ನೀರು ಸುರಿದು ತೊಳೆಯುವ ಮೊದಲು ಕಂಟ್ರೋಲರಿನ ಮೇಲೆ ಜಲನಿರೋಧಕ ಎಂದು ಬರೆದಿದೆಯೇ ನೋಡಿಕೊಳ್ಳಿ.